ಎಷ್ಟು ಸಲ ಬರಬೇಕು? ಅಂಜನಾಪುರ ಸೀಮೆ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಡೆಯ ಚರಿತ್ರೆ

ಗರ್ಭಕೊರಳಿನ ಕ್ಯಾನ್ಸರ್ ತೀರ ನಿಧಾನವಾಗಿ ಬೆಳೆಯುವ ರೋಗ. ಗರ್ಭಕೋಶದ ಬಾಯಲ್ಲಿ ಎರಡು ಬಗೆಯ ಜೀವಕೋಶಗಳು ಕೂಡುವ ಒಂದು ಅಂಚು ಇದೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ನೆಲೆಯೂರುವುದು ಹೆಚ್ಚಾಗಿ ಅಲ್ಲೇ. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಬಹುತೇಕ ಎಲ್ಲ ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ತಗಲುತ್ತದೆ. ಬಂದದ್ದು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಯಾವ ಮದ್ದೂ ಇಲ್ಲದೆ ಹೋಗಿಬಿಡುತ್ತದೆ. ಹೋಗದೆ ಉಳಿದ ಕೆಲವರಲ್ಲಿ ಮಾತ್ರ ಜೀವಕೋಶಗಳು ಬದಲಾಗತೊಡಗುತ್ತವೆ, ಆ ಬದಲಾವಣೆ ಕ್ಯಾನ್ಸರ್ ಆಗಲು 15ರಿಂದ 20 ವರ್ಷ ಹಿಡಿಯುತ್ತದೆ. ಇಷ್ಟು ದೀರ್ಘ ಕಾಲ ಎದುರಿಗೇ ಇರುವುದರಿಂದ ಈ ರೋಗವನ್ನು ಎರಡು ಕಡೆ ತಡೆಯಬಹುದು: ವೈರಸ್ ತಗಲುವ ಮೊದಲೇ ಲಸಿಕೆಯಿಂದ, ತಗಲಿದ ಮೇಲೆ ತಪಾಸಣೆಯಿಂದ. ಹಾಗಿದ್ದೂ 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂದಿತು, ಸುಮಾರು 80 ಸಾವಿರ ಮಂದಿ ಸತ್ತರು. ತಡೆಯುವ ವಿದ್ಯೆ ತಿಳಿದಿದ್ದೂ ಇಷ್ಟು ಸಾವು ಸಂಭವಿಸುವುದಕ್ಕೆ ಕಾರಣ ಆ ವಿದ್ಯೆ ಊರು ತಲುಪಿದ ರೀತಿಯಲ್ಲಿದೆ.

ಅಂಜನಾಪುರ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಹೋಬಳಿ. ಕುಮುದ್ವತಿ ಹೊಳೆಗೆ ಇಲ್ಲಿ ಕಟ್ಟಿದ ಜಲಾಶಯ ಸುತ್ತಲ ಗದ್ದೆ ತೋಟಗಳಿಗೆ ನೀರುಣಿಸುತ್ತದೆ. ಪಶ್ಚಿಮಕ್ಕೆ ಸೊರಬದ ಕಾಡು ಮತ್ತು ಅಡಿಕೆ ತೋಟ, ಪೂರ್ವಕ್ಕೆ ಮೆಕ್ಕೆಜೋಳದ ಬಯಲು. ಮಲೆನಾಡೂ ಅಲ್ಲದ, ಪೂರ್ತಿ ಬಯಲುಸೀಮೆಯೂ ಅಲ್ಲದ ಈ ಸೆರಗಿನ ಊರುಗಳಲ್ಲಿ ಮಳೆಗಾಲದ ನಾಟಿಯಿಂದ ಹಿಡಿದು ಚಳಿಗಾಲದ ಅಡಿಕೆ ಸುಲಿತದವರೆಗೆ ಹೆಂಗಸರ ಕೈಗೆ ಬಿಡುವಿಲ್ಲ. ಶಿಕಾರಿಪುರದ ತಾಲ್ಲೂಕು ಆಸ್ಪತ್ರೆಗೆ ಹೋಗಿಬರುವುದೆಂದರೆ ಅರ್ಧ ದಿನದ ಕೂಲಿ ಹೋಯಿತು. ಶಿಕಾರಿಪುರದಿಂದ ಸುಮಾರು 50 ಕಿ.ಮೀ. ದೂರದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋದರೆ ಇಡೀ ದಿನದ್ದು. ಬೆಂಗಳೂರು ಮುನ್ನೂರು ಕಿಲೋಮೀಟರಿಗೂ ಆಚೆ. ನೋವಿಲ್ಲದ, ಲಕ್ಷಣವಿಲ್ಲದ ರೋಗವೊಂದರ ಸಲುವಾಗಿ ಹೆಂಗಸೊಬ್ಬಳು ಮನೆ, ಕೊಟ್ಟಿಗೆ, ಕೂಲಿ ಬಿಟ್ಟು ಎಷ್ಟು ಸಲ ಬರಬೇಕಾಗುತ್ತದೆ? ಗರ್ಭಕೊರಳಿನ ಕ್ಯಾನ್ಸರ್ ತಡೆಯ ನೂರು ವರ್ಷದ ಚರಿತ್ರೆಯನ್ನು ಈ ಒಂದು ಪ್ರಶ್ನೆಯ ಸುತ್ತಲೇ ಹೇಳಬಹುದು.

ಕಾಯಿಲೆ ಬಿದ್ದವರ ಆರೈಕೆ ಈ ಸೀಮೆಗೆ ಹೊಸತಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇಗುಲಕ್ಕೆ ಸೇರಿದ ಕೋಡಿಯ ಮಠವು ಅನ್ನ ಮತ್ತು ವಿದ್ಯೆಯ ಜೊತೆಗೆ ರೋಗಿಗಳಿಗೆ ಔಷಧವನ್ನೂ ಕೊಡುತ್ತಿತ್ತೆಂದು 12ನೆಯ ಶತಮಾನದ ಶಾಸನ ಹೇಳುತ್ತದೆ. ಆದರೆ ಆರೈಕೆ ಬೇರೆ, ತಡೆ ಬೇರೆ. ಗರ್ಭಕೊರಳಿನ ಕ್ಯಾನ್ಸರ್ ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣುವುದು, ಸಂಭೋಗದ ನಂತರ ರಕ್ತ ಹೋಗುವುದು, ವಾಸನೆಯ ಬಿಳಿಸೆರಗು, ಸೊಂಟನೋವು ಇವೆಲ್ಲ ಹೆಂಗಸರು ನುಂಗಿಕೊಂಡೇ ಇರುತ್ತಿದ್ದ ಸಂಗತಿಗಳು. ಅಕ್ಕತಂಗಿಯರ ನಡುವೆ ಪಿಸುಮಾತಿನಲ್ಲಿ ಸಾಗಿ, ನಾಟಿಮದ್ದು ಮುಗಿದು, ಕೊನೆಗೆ ಗಂಡನೋ ಮಗನೋ ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಗೆಡ್ಡೆ ಗರ್ಭಕೊರಳನ್ನು ದಾಟಿರುತ್ತಿತ್ತು. ಆ ಹಂತದಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ವಿಕಿರಣ ಚಿಕಿತ್ಸೆ ಬೇಕು, ಅದಕ್ಕೆ ವಾರಗಟ್ಟಲೆ ದೊಡ್ಡ ಊರಿನಲ್ಲಿ ನಿಲ್ಲಬೇಕು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಹುಟ್ಟಿದ್ದು 1973ರಲ್ಲಿ, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾದದ್ದು 1980ರಲ್ಲಿ. ಮಲೆನಾಡಿನವರಿಗೆ ಅದರ ಜೊತೆಗೆ ಮಣಿಪಾಲ ಮತ್ತು ಹುಬ್ಬಳ್ಳಿ ದಾರಿಯಾಗಿದ್ದವು. ಧರ್ಮಛತ್ರದಲ್ಲೋ ನೆಂಟರ ಮನೆಯಲ್ಲೋ ಉಳಿದು ವಿಕಿರಣದ ಸರದಿ ಕಾಯಲಾರದವರು ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಊರಿಗೆ ಮರಳುತ್ತಿದ್ದರು.

ರೋಗ ಎಷ್ಟಿದೆಯೆಂಬ ಲೆಕ್ಕವೂ ಬಹುಕಾಲ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ ಬೆಂಗಳೂರು, ಮುಂಬೈ, ಚೆನ್ನೈಗಳಲ್ಲಿ 1982ರಿಂದ ವ್ಯವಸ್ಥಿತ ಎಣಿಕೆ ನಡೆಯಿತು. ಮೊದಲ ವರ್ಷಗಳ ಬೆಂಗಳೂರು ನೋಂದಣಿಯಲ್ಲಿ ಹೆಂಗಸರ ಕ್ಯಾನ್ಸರ್‌ಗಳ ಪೈಕಿ ಮೊದಲ ಸ್ಥಾನ ಗರ್ಭಕೊರಳಿನದೇ. ಮುಂದಿನ ದಶಕಗಳಲ್ಲಿ ಅದು ಇಳಿಯುತ್ತ ಬಂದಿತು, ಸ್ತನ ಕ್ಯಾನ್ಸರ್ ಅದನ್ನು ಹಿಂದಿಕ್ಕಿತು. ಈ ಇಳಿಕೆ ತಪಾಸಣೆಯ ಫಲವಲ್ಲ, ಏಕೆಂದರೆ ವ್ಯಾಪಕ ತಪಾಸಣೆ ಇರಲೇ ಇಲ್ಲ. ಮದುವೆಯ ವಯಸ್ಸು ಏರಿದ್ದು, ಹೆರಿಗೆಗಳು ಕಡಿಮೆಯಾದದ್ದು, ಓದು, ನೀರು, ಬಚ್ಚಲುಮನೆ, ಹೀಗೆ ಬದುಕಿನ ಒಟ್ಟು ಸುಧಾರಣೆಯ ಫಲವೆಂದು ತಜ್ಞರು ಎಣಿಸುತ್ತಾರೆ. ಆ ಅಂಕಿ ಅಂಶ ಬೆಂಗಳೂರು ನಗರದ್ದು ಎಂಬುದನ್ನು ಮರೆಯಬಾರದು. ಹಳ್ಳಿಯ ಹೆಂಗಸು ಆಸ್ಪತ್ರೆ ತಲುಪಿದರೆ ಅಲ್ಲಿನ ದಾಖಲೆಗೆ ಸೇರುತ್ತಿದ್ದಳು; ಮನೆಯಲ್ಲೇ ತೀರಿಕೊಂಡರೆ ಯಾವ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ತಪಾಸಣೆಯ ಮೂಲ 1920ರ ದಶಕದ್ದು. ಗ್ರೀಸಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಕೆಲಸ ಮಾಡಿದ ಜಾರ್ಜ್ ಪಾಪನಿಕೊಲಾವ್ ಗರ್ಭಕೊರಳಿನ ದ್ರವದಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಬಹುದೆಂದು 1928ರಲ್ಲಿ ಸಾರಿದರು. ಅದೇ ಕಾಲಕ್ಕೆ ರುಮೇನಿಯಾದ ಔರೆಲ್ ಬಾಬೆಶ್ ಸ್ವತಂತ್ರವಾಗಿ ಅಂಥದೇ ಮಾತು ಹೇಳಿದ್ದರು. ಪಾಪನಿಕೊಲಾವ್ ಅವರ ಮಾತನ್ನು ವೈದ್ಯಲೋಕ ಒಪ್ಪಿದ್ದು 1940ರ ದಶಕದಲ್ಲಿ, ಹರ್ಬರ್ಟ್ ಟ್ರಾಟ್ ಜೊತೆ ಅವರು ಬರೆದ ಕೃತಿಯ ನಂತರ. ಪ್ಯಾಪ್ ಪರೀಕ್ಷೆಯೆಂದು ಹೆಸರಾದ ಈ ವಿಧಾನವನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ, ಆಮೇಲೆ ಫಿನ್ಲೆಂಡಿನಂಥ ದೇಶಗಳು ಊರಿಗೆ ಊರೇ ಕರೆದು ಮಾಡಿಸಿದವು, ಸಾವು ಗಣನೀಯವಾಗಿ ಇಳಿಯಿತು.

ಪರೀಕ್ಷೆಯೇನೋ ಸರಳ: ಕಟ್ಟಿಗೆಯ ಚಮಚದಂಥ ಸಾಧನದಿಂದ ಗರ್ಭಕೊರಳಿನ ಮೇಲ್ಪದರವನ್ನು ಮೆಲ್ಲಗೆ ಸವರಿ ಗಾಜಿನ ಪಟ್ಟಿಗೆ ಹಚ್ಚುವುದು. ಕಷ್ಟ ಶುರುವಾಗುವುದು ಆಮೇಲೆ. ಪಟ್ಟಿ ಪ್ರಯೋಗಾಲಯಕ್ಕೆ ಹೋಗಬೇಕು, ಬಣ್ಣ ಹಾಕಬೇಕು, ನುರಿತವರು ನೋಡಬೇಕು, ವರದಿ ಮರಳಿ ಬರಬೇಕು. ಅಷ್ಟರಲ್ಲಿ ಹೆಂಗಸು ಎರಡನೆಯ ಸಲ ಬರಬೇಕು. ಸಂಶಯವಿದ್ದರೆ ಗರ್ಭಕೊರಳನ್ನು ಹಿಗ್ಗಿಸಿ ನೋಡುವ ಕಾಲ್ಪೊಸ್ಕೋಪಿಗೆ ಮೂರನೆಯ ಸಲ, ಚಿಕಿತ್ಸೆಗೆ ನಾಲ್ಕನೆಯ ಸಲ. ಎಲ್ಲ ಸರಿಯಿದ್ದರೂ ಕೆಲವು ವರ್ಷಕ್ಕೊಮ್ಮೆ ಮತ್ತೆ ಮೊದಲಿನಿಂದ. ಅಂಚೆಯಲ್ಲಿ ಕರೆಯೋಲೆ ಕಳಿಸಿ ಕರೆಸಿಕೊಳ್ಳುವ ಫಿನ್ಲೆಂಡಿಗೆ ಇದು ಒಗ್ಗಿತು. ತಾಲ್ಲೂಕು ಕೇಂದ್ರದಲ್ಲಿ ಜೀವಕೋಶ ಓದುವ ತಜ್ಞರೇ ಇಲ್ಲದ ಕಡೆ ಒಗ್ಗಲಿಲ್ಲ. ನಗರದ ಆಸ್ಪತ್ರೆಗಳಲ್ಲಿ ಬೇರೆ ತೊಂದರೆಗೆ ಬಂದವರಿಗೆ ಮಾಡುವ ಪರೀಕ್ಷೆಯಾಗಿ ಪ್ಯಾಪ್ ಉಳಿಯಿತು.

ಹಾಗಾದರೆ ಬರುವ ಸಲಗಳನ್ನೇ ಕಡಿಮೆ ಮಾಡಿದರೆ? 1990ರ ದಶಕದ ಕೊನೆಯಿಂದ ಭಾರತದಲ್ಲೇ ನಡೆದ ಮೂರು ದೊಡ್ಡ ಅಧ್ಯಯನಗಳು ಈ ಪ್ರಶ್ನೆಗೆ ಉತ್ತರ ಹುಡುಕಿದವು. ಗರ್ಭಕೊರಳಿಗೆ ತೆಳು ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾದರೆ ಬದಲಾದ ಜೀವಕೋಶಗಳ ಜಾಗ ಬಿಳಿಯಾಗಿ ಕಾಣುತ್ತದೆ. ಸೂಕ್ಷ್ಮದರ್ಶಕ ಬೇಡ, ವರದಿಗೆ ಕಾಯುವುದು ಬೇಡ; ದೀಪದ ಬೆಳಕಿನಲ್ಲಿ ತರಬೇತಿ ಪಡೆದ ನರ್ಸ್ ಬರಿಗಣ್ಣಿನಲ್ಲೇ ನೋಡಿ ಹೇಳುತ್ತಾರೆ. ಬಿಳಿ ಕಂಡವರಿಗೆ ಅಲ್ಲೇ, ಅಂದೇ, ಶೀತಲೀಕರಿಸಿ ಆ ಪದರವನ್ನು ನಾಶಮಾಡಬಹುದು. ವಿಐಎ ಎಂದು ಕರೆಯುವ ಈ ಪರೀಕ್ಷೆಯನ್ನು ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ನಡೆಸಿದಾಗ ಸಾವು ಶೇ. 35ರಷ್ಟು ಕಡಿಮೆಯಾಯಿತೆಂದು 2007ರಲ್ಲಿ ಪ್ರಕಟವಾಯಿತು. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಹತ್ತನೆಯ ತರಗತಿ ಓದಿದ ಸ್ಥಳೀಯ ಹೆಂಗಸರಿಗೇ ತರಬೇತಿ ಕೊಟ್ಟು ಪರೀಕ್ಷೆ ಮಾಡಿಸಿತು, ಅಲ್ಲಿ ಇಳಿಕೆ ಶೇ. 31. ಕರ್ನಾಟಕದ ಗಡಿಗೆ ಹತ್ತಿರದ, ಆಗ ಉಸ್ಮಾನಾಬಾದ್ ಎನ್ನುತ್ತಿದ್ದ ಜಿಲ್ಲೆಯ ಅಧ್ಯಯನ ಇನ್ನೂ ದೊಡ್ಡದು: 30ರಿಂದ 59 ವಯಸ್ಸಿನ 1,31,746 ಹೆಂಗಸರು. ಅಲ್ಲಿ ವಿಐಎ ಮತ್ತು ಪ್ಯಾಪ್ ಎರಡರಿಂದಲೂ ಸಾವಿನ ಇಳಿಕೆ ಖಚಿತವಾಗಿ ಕಾಣಲಿಲ್ಲ. ಆದರೆ ಎಚ್‌ಪಿವಿ ವೈರಸ್ಸನ್ನೇ ಹುಡುಕುವ ಪರೀಕ್ಷೆಯನ್ನು ಒಂದೇ ಸಲ ಮಾಡಿಸಿಕೊಂಡ ಗುಂಪಿನಲ್ಲಿ ಎಂಟು ವರ್ಷದ ಅವಧಿಯಲ್ಲಿ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. 2009ರಲ್ಲಿ ಬಂದ ಈ ಫಲಿತಾಂಶ ಜಗತ್ತಿನ ತಪಾಸಣಾ ನೀತಿಯನ್ನೇ ಬದಲಿಸಿತು. ಬದುಕಿನಲ್ಲಿ ಒಮ್ಮೆ ಬಂದರೂ ಜೀವ ಉಳಿಯುತ್ತದೆ ಎಂಬುದಕ್ಕೆ ಪುರಾವೆ ಕೊಟ್ಟವರು ಮರಾಠವಾಡದ ರೈತಾಪಿ ಹೆಂಗಸರು ಎಂಬುದನ್ನು ಅಭಿಮಾನದಿಂದ ನೆನೆಯಬೇಕು.

ಮರುವರ್ಷವೇ, 2010ರಲ್ಲಿ, ಕೇಂದ್ರ ಸರ್ಕಾರ ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯುಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಮೊದಲ ಘಟ್ಟಕ್ಕೆ ದೇಶದಿಂದ ಆರಿಸಿದ 100 ಜಿಲ್ಲೆಗಳಲ್ಲಿ ಶಿವಮೊಗ್ಗವೂ ಇತ್ತು. 2016ರ ಮಾರ್ಗಸೂಚಿ 30ರಿಂದ 65 ವರ್ಷದ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ವಿಐಎ ಆಗಬೇಕೆಂದಿತು. ಕಾಗದದ ಮೇಲೆ ಅಂಜನಾಪುರದ ಹೆಂಗಸರ ಹೆಸರೂ ಆಗಲೇ ಸೇರಿತು. ನಡೆದದ್ದು ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎಂದಾದರೂ ಒಮ್ಮೆ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಂಡಿದ್ದೇವೆ ಎಂದ ಮಧ್ಯವಯಸ್ಸಿನ ಹೆಂಗಸರು ದೇಶದಲ್ಲಿ ಶೇ. 2ಕ್ಕಿಂತ ಕಡಿಮೆ. ಬಿಪಿ, ಸಕ್ಕರೆ ನೋಡುವುದು ಜಗಲಿಯ ಮೇಲೂ ಆಗುತ್ತದೆ. ಇದಕ್ಕೆ ಬಾಗಿಲು ಹಾಕಿದ ಕೋಣೆ ಬೇಕು, ಮಂಚ ಬೇಕು, ಬೆಳಕು ಬೇಕು, ಕುದಿಸಿ ಶುದ್ಧಮಾಡಿದ ಉಪಕರಣ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ನಂಬಿಕೆಯ ಹೆಣ್ಣು ಸಿಬ್ಬಂದಿ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪರೀಕ್ಷೆ ನಡೆಯುವುದಿಲ್ಲ.

ತಪಾಸಣೆ ಇಲ್ಲದ ಜಾಗವನ್ನು ಭಯ ತುಂಬುತ್ತದೆ. ಬಿಳಿಸೆರಗು, ಹೊಟ್ಟೆನೋವು ಎಂದು ಬಂದವರಿಗೆ ಮುಂದೆ ಕ್ಯಾನ್ಸರ್ ಆದೀತೆಂದು ಹೆದರಿಸಿ ಗರ್ಭಕೋಶವನ್ನೇ ತೆಗೆದುಹಾಕುವ ದಂಧೆ ರಾಜ್ಯದಲ್ಲಿ ಬೇರೂರಿತ್ತು. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು ಬೀದಿಗಿಳಿದು ಇದನ್ನು ಬಯಲಿಗೆಳೆದರು. ನಲವತ್ತು ದಾಟದ ಎಷ್ಟೋ ಮಂದಿ ಆ ಹೊತ್ತಿಗೆ ಗರ್ಭಕೋಶ ಕಳೆದುಕೊಂಡಿದ್ದರು. ಐದು ನಿಮಿಷದ ಪರೀಕ್ಷೆಯೊಂದು ಕೈಗೆಟುಕಿದ್ದರೆ ಅವರಲ್ಲಿ ಬಹಳ ಜನಕ್ಕೆ ಆ ಭಯ ಇರುತ್ತಿರಲಿಲ್ಲ. ಶಿಕಾರಿಪುರ ತಾಲ್ಲೂಕಿನಲ್ಲೂ ತಾಂಡಾಗಳು ಹಲವಿವೆ. ಕಲಬುರಗಿಯ ಆ ಕಥೆ ಇಲ್ಲಿಗೆ ಪರಕೀಯವಲ್ಲ.

ಲಸಿಕೆಯ ವಿಷಯಕ್ಕೆ ಬಂದರೆ ಈ ಸೀಮೆಗೆ ತನ್ನದೇ ಅನುಭವವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಕಾಡಿಗೆ ಹೋಗಿಬಂದವರು ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಉಣ್ಣೆ ಕಚ್ಚಿ ಹರಡುವ ಹೊಸ ವೈರಸ್ಸನ್ನು ಪತ್ತೆಮಾಡಿದರು. ಕ್ಯಾಸನೂರು ಕಾಡಿನ ಕಾಯಿಲೆಯೆಂದು ಜಗತ್ತು ಕರೆದ ಈ ರೋಗ ಊರವರಿಗೆ ಮಂಗನ ಕಾಯಿಲೆ. ರಷ್ಯಾದ ಇಂಥದೇ ಉಣ್ಣೆಜ್ವರದ ಲಸಿಕೆಯನ್ನು ಮೊದಲು ಇಲ್ಲಿ ಪ್ರಯೋಗಿಸಿ ನೋಡಲಾಯಿತು, ಅದು ಫಲ ಕೊಡಲಿಲ್ಲ. ಆಮೇಲೆ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿದ ವೈರಸ್ಸನ್ನು ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಸ್ವದೇಶಿ ಲಸಿಕೆ ತಯಾರಾಯಿತು. 1990ರ ದಶಕದ ಆರಂಭದಲ್ಲಿ ಮೂರು ಜಿಲ್ಲೆಗಳಲ್ಲಿ ನಡೆದ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಿಗೆ ಶೇ. 93ಕ್ಕೂ ಹೆಚ್ಚು ರಕ್ಷಣೆ ಕಂಡಿತ್ತು.

ಆದರೆ ಆ ಲಸಿಕೆ ಕೇಳುತ್ತಿದ್ದ ಶ್ರಮ ದೊಡ್ಡದು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಮತ್ತೆ ವರ್ಷವರ್ಷವೂ ಒಂದೊಂದು. ಚುಚ್ಚಿದ ಜಾಗ ಕೆಂಪಾಗಿ ನೋಯುತ್ತಿತ್ತು, ಮಾರನೆಯ ದಿನದ ಕೂಲಿಗೆ ತೊಡಕು. ಹೀಗಾಗಿ ಮೊದಲನೆಯದಕ್ಕೆ ಬಂದವರಲ್ಲಿ ಹಲವರು ಎರಡನೆಯದಕ್ಕೆ ಬರುತ್ತಿರಲಿಲ್ಲ, ಬೂಸ್ಟರಿಗೆ ಇನ್ನೂ ಕಡಿಮೆ ಜನ. 2005ರಿಂದ 2010ರವರೆಗಿನ ಅಂಕಿಗಳನ್ನು ಪರಿಶೀಲಿಸಿದ ಅಧ್ಯಯನ ಎರಡು ಡೋಸ್‌ಗಳ ಪರಿಣಾಮವನ್ನು ಶೇ. 62.4 ಎಂದೂ ಬೂಸ್ಟರ್ ಸೇರಿದರೆ ಶೇ. 82.9 ಎಂದೂ ಲೆಕ್ಕ ಹಾಕಿತು. ಲಸಿಕೆಯ ಸತ್ವದ ಬಗ್ಗೆಯೇ ಸಂದೇಹ ಬಲವಾಗಿ 2022ರಲ್ಲಿ ಅದರ ಬಳಕೆ ನಿಂತಿತು. ಜನ ಅಜ್ಞಾನದಿಂದ ಲಸಿಕೆ ಬಿಟ್ಟರೆಂದು ಹೇಳುವುದು ಅನ್ಯಾಯ. ಪದೇಪದೇ ಬರಬೇಕಾದ, ನೋಯಿಸುವ, ಕೊನೆಗೆ ಪೂರ್ತಿ ಕಾಯದ ಮದ್ದನ್ನು ಅವರು ದಶಕಗಳ ಕಾಲ ತಾಳ್ಮೆಯಿಂದ ಹಾಕಿಸಿಕೊಂಡರು.

ಎಚ್‌ಪಿವಿ ಲಸಿಕೆಯ ಹುಟ್ಟು ಬೇರೆ ರೀತಿಯದು. ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ 1983ರಲ್ಲಿ ಎಚ್‌ಪಿವಿ 16ನ್ನೂ ಮರುವರ್ಷ ಎಚ್‌ಪಿವಿ 18ನ್ನೂ ಗರ್ಭಕೊರಳಿನ ಗೆಡ್ಡೆಗಳಲ್ಲಿ ಗುರುತಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಬಂದಿತು. ಈ ಎರಡು ಬಗೆಗಳೇ ಶೇ. 70ರಷ್ಟು ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣ. 1991ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ ವೈರಸ್ಸಿನ ಹೊರಕವಚದ ಪ್ರೋಟೀನು ತಾನಾಗಿ ಒಟ್ಟುಗೂಡಿ ಟೊಳ್ಳು ಕಣವಾಗುವಂತೆ ಮಾಡಿದರು. ಒಳಗೆ ವೈರಸ್ಸಿನ ಆನುವಂಶಿಕ ವಸ್ತುವಿಲ್ಲ, ಆದ್ದರಿಂದ ಸೋಂಕು ಸಾಧ್ಯವಿಲ್ಲ. ದೇಹ ಮಾತ್ರ ಅದನ್ನು ನಿಜವಾದ ವೈರಸ್ಸೆಂದೇ ಬಗೆದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಇದೇ ತತ್ತ್ವದ ಗಾರ್ಡಸಿಲ್ ಲಸಿಕೆಗೆ 2006ರಲ್ಲಿ ಅಮೆರಿಕದಲ್ಲಿ, 2008ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು. ಆಗಿನ ಬೆಲೆ ಹಳ್ಳಿಯ ಮನೆಗಳಿಗೆ ನಿಲುಕುವಂಥದ್ದಾಗಿರಲಿಲ್ಲ.

2009ರಲ್ಲಿ ಅವಿಭಜಿತ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಶಾಲಾ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ಕೊಡುವ ಪ್ರಾಯೋಗಿಕ ಯೋಜನೆ ಆರಂಭವಾಯಿತು. ಕೆಲವು ಬಾಲಕಿಯರ ಸಾವಿನ ಸುದ್ದಿ ಬಂದು 2010ರ ಏಪ್ರಿಲಿನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಸಾವುಗಳಿಗೆ ಲಸಿಕೆ ಕಾರಣವೆನ್ನಲು ಆಧಾರ ಸಿಗಲಿಲ್ಲ. ಆದರೆ ತನಿಖೆಯಲ್ಲಿ ಇನ್ನೊಂದು ದೋಷ ಹೊರಬಿತ್ತು: ಹಾಸ್ಟೆಲಿನ ಆದಿವಾಸಿ ಬಾಲಕಿಯರ ಒಪ್ಪಿಗೆ ಪತ್ರಗಳಿಗೆ ತಂದೆತಾಯಿಯ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಖಂಡಿಸಿತು. ಆ ಖಂಡನೆ ಸರಿಯಾದದ್ದೇ. ಅದರ ಬೆಲೆಯನ್ನೂ ಹೇಳಬೇಕು: ಲಸಿಕೆಯ ಮೇಲೆ ಬಿದ್ದ ಸಂಶಯದ ನೆರಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಸರಿಯಲಿಲ್ಲ. ದೆಹಲಿ, ಪಂಜಾಬಿನ ಕೆಲವು ಜಿಲ್ಲೆ, ಸಿಕ್ಕಿಂ ಬಿಟ್ಟರೆ ಸರ್ಕಾರಿ ವ್ಯವಸ್ಥೆಯಲ್ಲಿ ಆ ಅವಧಿಯಲ್ಲಿ ಲಸಿಕೆ ಹೆಚ್ಚು ಹರಡಲಿಲ್ಲ.

ಅದೇ 2010ರ ತಡೆಯಿಂದ ಯಾರೂ ಎಣಿಸದ ಲಾಭವೊಂದು ಬಂದಿತು. ಖಮ್ಮಂ ಯೋಜನೆಗೆ ಸಂಬಂಧವಿಲ್ಲದ ಬೇರೊಂದು ಅಧ್ಯಯನ, ಡಾ. ರಂಗಸ್ವಾಮಿ ಶಂಕರನಾರಾಯಣನ್ ಅವರ ಮುಂದಾಳತನದಲ್ಲಿ, ಮೂರು ಡೋಸ್ ಬೇಕೋ ಎರಡು ಸಾಕೋ ಎಂದು ದೇಶದ ಹಲವು ಕಡೆ ಪರೀಕ್ಷಿಸುತ್ತಿತ್ತು. ಸರ್ಕಾರದ ಆದೇಶ ಅದಕ್ಕೂ ಅನ್ವಯಿಸಿ ಲಸಿಕೆ ನಿಂತಾಗ, ಅಲ್ಲಿಯವರೆಗೆ ಲಸಿಕೆ ಪಡೆದಿದ್ದ 17,729 ಹುಡುಗಿಯರಲ್ಲಿ ಸುಮಾರು ಐದು ಸಾವಿರ ಮಂದಿ ಒಂದೇ ಡೋಸಿಗೆ ಉಳಿದುಬಿಟ್ಟರು. ಸಂಶೋಧಕರು ಅವರನ್ನು ಕೈಬಿಡದೆ ವರ್ಷವರ್ಷವೂ ಹಿಂಬಾಲಿಸಿದರು. ಹತ್ತು ವರ್ಷದ ನಂತರ, 2021ರಲ್ಲಿ ಪ್ರಕಟವಾದ ಫಲಿತಾಂಶ: ಎಚ್‌ಪಿವಿ 16 ಮತ್ತು 18ರ ಹಠಮಾರಿ ಸೋಂಕಿನ ವಿರುದ್ಧ ಒಂದು ಡೋಸ್ ಕೊಟ್ಟ ರಕ್ಷಣೆ ಶೇ. 95ರಷ್ಟು, ಎರಡು ಮೂರು ಡೋಸ್‌ಗಳಿಗೆ ಸರಿಸಮ. ಈ ಪುರಾವೆಯೂ ಆಫ್ರಿಕಾದ ಅಧ್ಯಯನಗಳೂ ಸೇರಿ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸಿನ ಕ್ರಮವನ್ನೂ ಒಪ್ಪಿತು. ಮಂಗನ ಕಾಯಿಲೆಯ ಲಸಿಕೆ ಸೋತದ್ದು ಎಲ್ಲಿ ಎಂಬುದನ್ನು ಕಂಡ ಸೊರಬದಂಥ ತಾಲ್ಲೂಕಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇರೆ ಇರಲಾರದು.

2022ರ ಜುಲೈನಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸೆರ್ವಾವ್ಯಾಕ್ ಲಸಿಕೆಗೆ ಅನುಮತಿ ದೊರೆತು ದೇಶಿ ಲಸಿಕೆಯೂ ಬಂದಿತು. ಅದರ ಅನುಮತಿ 9ರಿಂದ 14 ವರ್ಷದವರಿಗೆ ಎರಡು ಡೋಸಿನದು; ಒಂದು ಡೋಸಿನ ಪುರಾವೆ ಎಲ್ಲ ಲಸಿಕೆಗಳಿಗೂ ಒಂದೇ ಸಲಕ್ಕೆ ವರ್ಗವಾಗುವುದಿಲ್ಲ. 2024ರ ಫೆಬ್ರವರಿ 1ರ ಮಧ್ಯಂತರ ಬಜೆಟ್ಟಿನಲ್ಲಿ 9ರಿಂದ 14 ವರ್ಷದ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಪ್ರೋತ್ಸಾಹಿಸುವುದಾಗಿ ಕೇಂದ್ರ ಹೇಳಿತು. ಈ ವಯಸ್ಸೇ ಏಕೆಂದರೆ ಲಸಿಕೆ ಇರುವ ಸೋಂಕನ್ನು ತೆಗೆಯುವುದಿಲ್ಲ, ಬರುವುದನ್ನು ಮಾತ್ರ ತಡೆಯುತ್ತದೆ. ಸ್ವೀಡನ್ನಿನಲ್ಲಿ 17 ತುಂಬುವ ಮೊದಲು ಲಸಿಕೆ ಪಡೆದವರಲ್ಲಿ ಕ್ಯಾನ್ಸರ್ ಶೇ. 88ರಷ್ಟು ಕಡಿಮೆಯಿತ್ತೆಂದು 2020ರಲ್ಲಿ ತಿಳಿಯಿತು. ಸ್ಕಾಟ್ಲೆಂಡಿನಲ್ಲಿ 12–13ರ ವಯಸ್ಸಿನಲ್ಲಿ ಲಸಿಕೆ ಪಡೆದವರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಬಂದಿಲ್ಲವೆಂದು 2024ರ ಅಧ್ಯಯನ ತೋರಿಸಿತು.

ತಪಾಸಣೆಯೂ ಮನೆಯ ಕಡೆಗೆ ಸರಿಯುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ 30 ದಾಟಿದವರಿಗೆ ಐದರಿಂದ ಹತ್ತು ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆಯನ್ನು ಶಿಫಾರಸು ಮಾಡುತ್ತದೆ. ಇದಕ್ಕೆ ಬೇಕಾದ ಮಾದರಿಯನ್ನು ಹೆಂಗಸು ತಾನೇ, ತನ್ನ ಮನೆಯ ಬಚ್ಚಲಲ್ಲೇ, ಹತ್ತಿ ಸುತ್ತಿದ ಕಡ್ಡಿಯಿಂದ ತೆಗೆದು ಕೊಡಬಹುದು. ಮಂಚ ಬೇಡ, ಬೇರೆಯವರೆದುರು ಬಟ್ಟೆ ಸರಿಸುವ ಸಂಕೋಚ ಬೇಡ. ಮೈಸೂರಿನ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಸುತ್ತಲ ಹಳ್ಳಿಗಳ ಹೆಂಗಸರ ನಡುವೆ ಗರ್ಭಕೊರಳಿನ ತಪಾಸಣೆಯ ಕುರಿತು ಹಲವು ವರ್ಷ ಕೆಲಸ ಮಾಡಿದೆ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭವಾದ ರಾಜ್ಯದ ಗೃಹ ಆರೋಗ್ಯ ಯೋಜನೆ 30 ದಾಟಿದವರನ್ನು ಮನೆಗೇ ಬಂದು ಕಾಣುತ್ತದೆ, ಅದರ ಪಟ್ಟಿಯಲ್ಲಿ ಗರ್ಭಕೊರಳಿನ ಕ್ಯಾನ್ಸರೂ ಇದೆ. ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಅದೇ ಊರಿನ ಸೊಸೆಯೋ ಮಗಳೋ ಆಗಿರುವುದರಿಂದ, ಬಿಳಿಸೆರಗಿನ ಮಾತನ್ನು ಅವಳ ಹತ್ತಿರ ಆಡಬಹುದು.

ಲಸಿಕೆ ಬಂದಿತೆಂದು ತಪಾಸಣೆ ಬಿಡುವಂತಿಲ್ಲ. ಲಸಿಕೆಯ ವ್ಯಾಪ್ತಿಗೆ ಬಾರದ ಎಚ್‌ಪಿವಿ ಬಗೆಗಳು ಉಳಿದಿರುತ್ತವೆ, ಆದ್ದರಿಂದ ಲಸಿಕೆ ಪಡೆದ ಹುಡುಗಿಯೂ 30 ತುಂಬಿದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳಬೇಕು. 2025ರಲ್ಲಿ 14 ವರ್ಷದವಳಾಗಿ ಲಸಿಕೆ ಹಾಕಿಸಿಕೊಂಡವಳಿಗೆ ಆ ವಯಸ್ಸು ಬರುವುದು 2041ರಲ್ಲಿ. ಅವಳ ತಾಯಿ, ಚಿಕ್ಕಮ್ಮ, ಅತ್ತೆಯರ ತಲೆಮಾರು ಲಸಿಕೆಯ ವಯಸ್ಸನ್ನು ಆಗಲೇ ದಾಟಿದೆ; ಅವರಿಗೆ ಇರುವುದು ತಪಾಸಣೆ ಒಂದೇ, ಅದು ಬೇಕಾಗಿರುವುದು ಈಗಲೇ.